ಕಾರು ನಿಲ್ಲಿಸದಿದ್ದಕ್ಕೆ ದಂಡ

ಕಾರನ್ನು ಹೆಚ್ಚು ಹೊತ್ತು ನಿಲ್ಲಿಸಿ ದಂಡ ತೆತ್ತವರು ನಮ್ಮ ಪ್ಯಾಡಿಹ್ಯಾಮ್ ಊರಿನಲ್ಲಿ ಬೀದಿಗೆ ನಾಲ್ಕು ಜನ ಸಿಗುತ್ತಾರೆ. ಕಾರನ್ನು ನಿಲ್ಲಿಸಲಿಕ್ಕೇ ಆಗದೆ ದಂಡಕ್ಕೆ ಬಿದ್ದವಳು ಗ್ಲೆಂಡಾ ಶೊರಾಕ್ ಒಬ್ಬಳೇ. ಆಗ ಅವಳಿಗೆ ಅರವತ್ತಮೂರು ವರ್ಷ. ಅಲ್ಲಿಯತನಕ ಅವಳ ಮೇಲೆ ಬಂದಿದ್ದ ಆರೋಪವೆಂದರೆ ಶಾಲೆಯ ಊಟದ ಗ್ರೇವಿ ನೀರುನೀರಾಗಿದೆ ಎಂಬುದೊಂದೇ, ಅದೂ ನಿಜವಾಗಿತ್ತು.

ಹುಟ್ಟಿದ್ದು ಇಲ್ಲೇ, ಬಟ್ಟೆಗಿರಣಿಯ ಹಿಂದಿನ ಸಾಲುಮನೆಯಲ್ಲಿ. ಅಮ್ಮ ಮಗ್ಗಗಳ ಗದ್ದಲದಲ್ಲಿ ಕಿವಿ ಕಳೆದುಕೊಂಡವಳು. ಹಾಗಾಗಿ ಆ ಮನೆಯಲ್ಲಿ ಎಲ್ಲರೂ ದನಿ ಎತ್ತದೆ, ಬಾಯಿ ಮಾತ್ರ ದೊಡ್ಡದಾಗಿ ಆಡಿಸಿ ಮಾತಾಡುವುದನ್ನು ಕಲಿತಿದ್ದರು. ಗ್ಲೆಂಡಾ ಈಗಲೂ ಮುಖ್ಯವಾದ ಮಾತು ಬಂದರೆ ಹಾಗೆಯೇ ಮಾಡುತ್ತಾಳೆ, ಎದುರಿನವರಿಗೆ ಏನೂ ಕೇಳಿಸುವುದಿಲ್ಲ. ಗಿರಣಿ ಮುಚ್ಚಿದ ಮೇಲೆ ಶಾಲೆಯ ಅಡುಗೆಮನೆ ಸೇರಿ ಇಪ್ಪತ್ತೆಂಟು ವರ್ಷ ಕಸ್ಟರ್ಡ್ ಕಲಕಿದಳು. ಊರಿನ ಅರ್ಧ ಜನರನ್ನು ಅವರು ತಟ್ಟೆಯಲ್ಲಿ ಏನು ಬಿಡುತ್ತಿದ್ದರು ಎಂಬುದರಿಂದಲೇ ಗುರುತಿಟ್ಟಿದ್ದಾಳೆ. ಕೌನ್ಸಿಲರ್ ಒಬ್ಬರು ಮತ ಕೇಳಲು ಬಾಗಿಲಿಗೆ ಬಂದಾಗ, "ನೀನು ಬಟಾಣಿ ಬಿಡ್ತಿದ್ದೋನಲ್ವಾ," ಎಂದು ಕೇಳಿ ಅವರ ಭಾಷಣವನ್ನು ಅಲ್ಲೇ ಮುಗಿಸಿದಳು.

ಗಂಡ ನೆವಿಲ್ ಬಸ್ ಡ್ರೈವರ್. ಮೂವತ್ತನಾಲ್ಕು ವರ್ಷ ಪಕ್ಕದ ಪಟ್ಟಣವಾದ ಬರ್ನ್ಲಿಯ ದಾರಿಯಲ್ಲಿ ಬಸ್ಸು ಓಡಿಸಿ ಒಂದು ಗೀರೂ ಬೀಳಿಸದೆ ನಿವೃತ್ತನಾದವನು. ಇಬ್ಬರ ಪರಿಚಯವಾದದ್ದೂ ಬಸ್ಸಿನಲ್ಲೇ. ಇವಳು ಓಡುತ್ತಾ ಬರುವುದನ್ನು ಕನ್ನಡಿಯಲ್ಲಿ ಕಂಡು ಅವನು ಅರ್ಧ ನಿಮಿಷ ಬಸ್ಸು ನಿಲ್ಲಿಸಿದ್ದ. ನಿಯಮ ಮುರಿದದ್ದು ಜೀವನದಲ್ಲಿ ಅದೊಂದೇ ಸಲ ಎಂದು ಮದುವೆಯ ದಿನ ಎಲ್ಲರೆದುರು ಹೇಳಿದ, ಅದು ಪ್ರೀತಿಯ ಮಾತೋ ಪಶ್ಚಾತ್ತಾಪದ್ದೋ ಯಾರಿಗೂ ತಿಳಿಯಲಿಲ್ಲ. ಆ ಮೇಲೆ ನಲವತ್ತು ವರ್ಷ ಗ್ಲೆಂಡಾ ಅವನ ಕಾರಿನ ಪಕ್ಕದ ಸೀಟಿನಲ್ಲಿ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಒಮ್ಮೆ, ಮದುವೆಯಾದ ಹೊಸದರಲ್ಲಿ, ತನಗೂ ಕಲಿಸು ಎಂದಿದ್ದಳು. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ನೆವಿಲ್ ಬಹಳ ಸಮಾಧಾನದಿಂದ "ಇಳಿ" ಎಂದ. ಎಪ್ಪತ್ತು ಜನರ ಜೀವ ನೋಡಿಕೊಳ್ಳುತ್ತಿದ್ದ ಮನುಷ್ಯನಿಗೆ ಹೆಂಡತಿಯ ಒಂದು ಗೇರು ನೋಡಿಕೊಳ್ಳಲು ಆಗಲಿಲ್ಲ.

ಹೋದ ವಸಂತದಲ್ಲಿ ನೆವಿಲ್ ಪಕ್ಕದ ಮನೆಯ ಹಸಿರು ಕಸದ ಡಬ್ಬಿಗೆ ಟೋಪಿ ಎತ್ತಿ, "ಶುಭೋದಯ, ಮಿಸೆಸ್ ಹಿಂಡಲ್," ಎಂದ. ಗ್ಲೆಂಡಾ ಅವನನ್ನು ಕನ್ನಡಕದಂಗಡಿಗೆ ಎಳೆದುಕೊಂಡು ಹೋದಳು. ಅಲ್ಲಿಯ ಗೋಡೆ ತೆಳುವಾದದ್ದು. ಒಳಗೆ ಪರೀಕ್ಷೆ ಮಾಡುತ್ತಿದ್ದ ಹುಡುಗಿ, ಕಣ್ಣಿನ ನಡುಭಾಗವೇ ಹಾಳಾಗುತ್ತಿದೆ, ನೇರವಾಗಿ ನೋಡಿದ್ದು ಇನ್ನು ಮಸುಕೇ, ಕಾರು ಓಡಿಸುವಂತಿಲ್ಲ, ಲೈಸೆನ್ಸ್ ಕಚೇರಿಗೆ ನೀವೇ ತಿಳಿಸಬೇಕು ಎಂದದ್ದೆಲ್ಲ ಹೊರಗೆ ಕೂತಿದ್ದ ಗ್ಲೆಂಡಾಳ ಕಿವಿಗೆ ಬಿತ್ತು. ನೆವಿಲ್ ಹೊರಗೆ ಬಂದ.

"ಏನಂದ್ಳು?"

"ಏನಿಲ್ಲ. ಗಾಜು ಬದಲಾಯಿಸ್ಬೇಕಂತೆ."

"ಸದ್ಯ," ಎಂದಳು ಗ್ಲೆಂಡಾ.

ಇಬ್ಬರೂ ಬಸ್ಸು ಹತ್ತಿ ಮನೆಗೆ ಬಂದರು. ಆವತ್ತಿನಿಂದ ಕಾರಿಗೆ ಒಂದಲ್ಲ ಒಂದು ಕಾಯಿಲೆ. ಬ್ಯಾಟರಿ ಸರಿಯಿಲ್ಲ, ಬ್ರೇಕು ಕಿರುಗುಟ್ಟುತ್ತದೆ, ಬ್ಲ್ಯಾಕ್‌ಪೂಲ್ ರಸ್ತೆ ಅಗೆದಿದ್ದಾರೆ, ಇಲ್ಲವೇ ನೆವಿಲ್‌ನ ಮಂಡಿ. ಓಡಿಸುವುದನ್ನು ಬಿಟ್ಟೆ ಎಂದು ಮಾತ್ರ ಅವನು ಹೇಳಲಿಲ್ಲ, ಲೈಸೆನ್ಸ್ ಕಚೇರಿಗೂ ಬರೆಯಲಿಲ್ಲ. ಭಾನುವಾರ ತಪ್ಪದೆ ಬಕೆಟ್ಟು, ಸ್ಪಂಜು ಹಿಡಿದು ಆ ಬೂದು ಬಣ್ಣದ ಹೋಂಡಾವನ್ನು ತೊಳೆಯುತ್ತಿದ್ದ. ಎಲ್ಲಿಗೂ ಹೋಗದ ಕಾರು ಅಷ್ಟು ಶುಭ್ರವಾಗಿದ್ದದ್ದನ್ನು ನಮ್ಮ ಬೀದಿ ಹಿಂದೆ ಕಂಡಿರಲಿಲ್ಲ.

ಅಲ್ಲಿಯವರೆಗೆ ಅದು ನಗುವಂಥದ್ದೇ ಆಗಿತ್ತು. ಒಂದು ಬೆಳಿಗ್ಗೆ ಗ್ಲೆಂಡಾ ಪರದೆ ಸರಿಸಿದಾಗ ನೆವಿಲ್ ಡ್ರೈವರ್ ಸೀಟಿನಲ್ಲಿ ಕೂತಿದ್ದ. ಎಂಜಿನ್ ಚಾಲೂ ಇತ್ತು, ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು. ರಸ್ತೆಯಾಚೆ ಶಾಲೆಗೆ ಹೋಗುವ ಮಕ್ಕಳ ಸಾಲು. ಐದು ನಿಮಿಷ ಹಾಗೇ ಕೂತು ಎಂಜಿನ್ ಆರಿಸಿ ಒಳಗೆ ಬಂದು ಟೋಸ್ಟಿಗೆ ಬೆಣ್ಣೆ ಸವರಿದ. ಗ್ಲೆಂಡಾ ಅವನ ಲೋಟಕ್ಕೆ ಚಹಾ ಬಗ್ಗಿಸಿದಳು. ಇವತ್ತು ಆರಿಸಿದ, ನಾಳೆ ಹಟಕ್ಕೆ ಬಿದ್ದು ಹೊರಟರೆ? ಕೀಲಿ ಕೊಡು ಎಂದು ಕೇಳಬೇಕು. ಆದರೆ ಓಡಿಸಲು ಬಾರದವಳು ಓಡಿಸಿಯೇ ಬದುಕಿದವನ ಕೈಯಿಂದ ಯಾವ ಬಾಯಲ್ಲಿ ಕೀಲಿ ಕೇಳುವುದು? ಮೊದಲು ಕಲಿಯುತ್ತೇನೆ, ಪಾಸಾಗುತ್ತೇನೆ, ಆಮೇಲೆ ಹೇಳುತ್ತೇನೆ ಎಂದುಕೊಂಡಳು. ಅಲ್ಲಿಯವರೆಗೆ ಅವನಿಗೆ ಗೊತ್ತಾಗಬಾರದು. ಹೆಂಡತಿ ಕಲಿಯುತ್ತಿದ್ದಾಳೆ ಎಂದರೆ, ನಿನ್ನ ಕಾಲ ಮುಗಿಯಿತು ಎಂದು ಅವನಿಗೆ ಹೇಳಿದ ಹಾಗೇ.

ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ನೆವಿಲ್ ಹಳೆಯ ಬಸ್ಸಿನವರ ಕ್ಲಬ್ಬಿಗೆ ಡಾಮಿನೊ ಆಡಲು ಹೋಗುತ್ತಿದ್ದ. ಡಾಮಿನೊ ಬಿಲ್ಲೆಗಳ ಮೇಲಿನ ಕುಳಿಚುಕ್ಕೆಗಳನ್ನು ಹೆಬ್ಬೆರಳಿನಲ್ಲೇ ಓದಬಹುದು. ಅವನ ಬಸ್ಸು ತಿರುವು ದಾಟಿದ ಕೂಡಲೇ ಶಾಹೀನ್ ಅಖ್ತರ್ ಬಂದು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದಳು. ಶಾಹೀನ್ ಶಾಲೆಯ ಅಡುಗೆಮನೆಯಲ್ಲಿ ಗ್ಲೆಂಡಾಳ ಜೊತೆ ಹದಿನಾರು ವರ್ಷ ಆಲೂಗಡ್ಡೆ ಹಿಚುಕಿದವಳು, ಕಾರು ಓಡಿಸುವುದರಲ್ಲಿ ಪಳಗಿದವಳು, ತಾಳ್ಮೆ ಎಂಬುದನ್ನು ಮನೆಯಲ್ಲೇ ಬಿಟ್ಟು ಬರುವವಳು.

"ಬಂಗಾರ, ಅದು ಕ್ಲಚ್ಚು. ಜಿರಳೆ ಅಲ್ಲ. ಮೆತ್ತಗೆ ತುಳಿ."

ಬೇಸಿಗೆಯ ಹೊತ್ತಿಗೆ ಗ್ಲೆಂಡಾ ನೆಟ್ಟಗೆ ಓಡಿಸುವುದನ್ನು ಕಲಿತಳು. ಪರೀಕ್ಷೆಯ ದಿನವೂ ಗೊತ್ತಾಯಿತು. ಉಳಿದದ್ದು ಎರಡು ಗೆರೆಗಳ ನಡುವೆ ಹಿಮ್ಮುಖವಾಗಿ ಕಾರು ನಿಲ್ಲಿಸುವುದು. ಅದಕ್ಕೆಂದು ಒಂದು ಮಂಗಳವಾರ ಇಬ್ಬರೂ ಬರ್ನ್ಲಿಯ ದೊಡ್ಡ ಅಂಗಡಿಗಳ ಕಾರ್ ಪಾರ್ಕಿಗೆ ಹೋದರು. ತೊಂಬತ್ತು ನಿಮಿಷ ಉಚಿತ ಎಂದು ಬಾಗಿಲಲ್ಲಿ ಫಲಕವಿತ್ತು, ಫಲಕದ ಮೇಲೊಂದು ಕ್ಯಾಮೆರಾ ಇತ್ತು.

ಆವತ್ತು ನಡೆದದ್ದನ್ನು ನಮ್ಮವರಲ್ಲದೆ ಬೇರೆ ಯಾರೂ ಮಾಡಲಾರರು. ಒಂದು ಜಾಗ ಖಾಲಿಯಾಗುತ್ತದೆ, ಗ್ಲೆಂಡಾ ಮುಂದೆ ಹೋಗಿ ರಿವರ್ಸ್ ಗೇರಿಗೆ ಹಾಕಿ ಕತ್ತು ಹೊರಳಿಸುತ್ತಾಳೆ. ಅಷ್ಟರಲ್ಲಿ ಇನ್ನೊಂದು ಕಾರು ಬಂದು ಸಿಗ್ನಲ್ ಮಿಣುಕಿಸುತ್ತಾ ಕಾಯುತ್ತದೆ. ಕಾಯಿಸುವುದೆಂದರೆ ಗ್ಲೆಂಡಾಳಿಗೆ ಪ್ರಾಣಸಂಕಟ. ಕೈ ಬೀಸಿ, ನೀವೇ ಹೋಗಿ ಎನ್ನುತ್ತಾಳೆ. ಅವರು ಕೈ ಎತ್ತಿ ಥ್ಯಾಂಕ್ಸ್ ಹೇಳಿ ಜಾಗಕ್ಕೆ ಸೇರಿಕೊಳ್ಳುತ್ತಾರೆ. ಇವಳೂ ಕೈ ಎತ್ತುತ್ತಾಳೆ. ಮುಂದಿನ ಜಾಗದಲ್ಲೂ ಇದೇ ಕತೆ. ಯಾರೂ ಬಾರದಿದ್ದಾಗ ಹಿಂದಕ್ಕೆ ಹೋಗಿ ಎರಡು ಜಾಗಗಳನ್ನೂ ಸಮನಾಗಿ ತುಳಿದು, ಯಾರಿಗೋ ತೊಂದರೆಯಾದೀತೆಂದು ಹೊರಗೆ ಬರುತ್ತಾಳೆ.

"ಬಂಗಾರ, ನೀನೇನು ಇಲ್ಲಿ ಸಂಬಳಕ್ಕಿದ್ದೀಯಾ?" ಎಂದಳು ಶಾಹೀನ್. ಅವಳು ಅಷ್ಟರಲ್ಲಿ ವಿನೆಗರ್ ಹಾಕಿದ ಚಿಪ್ಸ್ ಒಂದು ಪೊಟ್ಟಣ ಮುಗಿಸಿದ್ದಳು.

"ಆ ಮುದುಕಪ್ಪ ಕಾಯ್ತಾ ಇದ್ರು, ಶಾಹೀನ್."

"ಆ ಮುದುಕಪ್ಪ ನಿನಗಿಂತ ಹತ್ತು ವರ್ಷ ಚಿಕ್ಕೋನು."

ಕೊನೆಗೆ ಕಾರನ್ನು ಎಲ್ಲೂ ನಿಲ್ಲಿಸದೆಯೇ ಮನೆಗೆ ಹೊರಟರು. ಒಳಗೆ ಹೋದದ್ದು ಹನ್ನೆರಡು ನಲವತ್ತೈದಕ್ಕೆ, ಹೊರಗೆ ಬಂದದ್ದು ಎರಡು ನಲವತ್ತೊಂಬತ್ತಕ್ಕೆ. ಇದನ್ನು ನಿಮಿಷ ತಪ್ಪದೆ ಹೇಳಬಲ್ಲೆ, ಯಾಕೆಂದರೆ ಕ್ಯಾಮೆರಾ ಬರೆದಿಟ್ಟುಕೊಂಡಿತ್ತು.

ಹತ್ತನೆಯ ದಿನ ಕಾಗದ ಬಂತು. ಕಳಿಸಿದ್ದು ಸರ್ಕಾರವಲ್ಲ, ಪೊಲೀಸರಲ್ಲ, ಆ ಕಾರ್ ಪಾರ್ಕು ನೋಡಿಕೊಳ್ಳುವ ಒಂದು ಖಾಸಗಿ ಕಂಪನಿ. ಅದರ ಹೆಸರಿನಲ್ಲಿ 'ಕಾಳಜಿ' ಎಂಬರ್ಥದ ಪದವೊಂದಿತ್ತು, ಕಾಳಜಿ ಇದ್ದದ್ದು ಅಲ್ಲಿ ಮಾತ್ರ. ಇಂಥವರು ಕಾರಿನ ನಂಬರು ಕೊಟ್ಟು ಲೈಸೆನ್ಸ್ ಕಚೇರಿಯಿಂದ ಮಾಲೀಕನ ಹೆಸರು, ವಿಳಾಸ ಪಡೆಯುತ್ತಾರೆ. ಕಾರು ನೆವಿಲ್ ಹೆಸರಿನಲ್ಲಿತ್ತು. ಅಂಚೆಯವನು ಲಕೋಟೆಯನ್ನು ಬಾಗಿಲಲ್ಲಿ ನಿಂತಿದ್ದ ಅವನ ಕೈಗೇ ಕೊಟ್ಟ. ನೆವಿಲ್ ಭೂತಗನ್ನಡಿ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ಕಡೆಗಣ್ಣಿನಲ್ಲಿ ಕೆಂಪಕ್ಷರ ಓದಿದ. ಮಂಗಳವಾರದ ಪಾರ್ಕಿಂಗ್ ದಂಡ, ನೂರು ಪೌಂಡ್.

"ನಂಗೆ," ಎಂದ ನೆವಿಲ್. ಮತ್ತೊಮ್ಮೆ, "ನಂಗೆ," ಎಂದ.

"ಬೇಗ ಕಟ್ಟಿದ್ರೆ ಅರವತ್ತಂತೆ," ಎಂದಳು ಗ್ಲೆಂಡಾ. ಕಾಗದ ಇಸಿದುಕೊಂಡು ಮಡಚಿದಳು. "ಕಟ್ಟಿಬಿಡೋಣ. ಯಾಕೆ ತಲೆನೋವು."

"ಕಟ್ಟೋದಾ? ಮಂಗಳವಾರ ಕಾರು ಮನೆ ಮುಂದಿತ್ತು. ನಾನು ಕ್ಲಬ್ಬಲ್ಲಿದ್ದೆ. ಕಟ್ಟಿದ್ರೆ ತಪ್ಪು ಒಪ್ಪಿಕೊಂಡ ಹಾಗಾಗಲ್ವಾ? ಟ್ಯಾಬ್ಲೆಟ್ ತಗೊಂಡ್ ಬಾ. ನಾನು ಹೇಳ್ತೀನಿ, ನೀನು ಬರಿ."

ಹೀಗೆ ಗ್ಲೆಂಡಾ ತನ್ನ ಅಪರಾಧದ ವಿರುದ್ಧ, ತನ್ನ ಅಡುಗೆಮನೆಯ ಮೇಜಿನಲ್ಲಿ ಕೂತು, ಗಂಡನ ಪರವಾಗಿ ತಕರಾರು ಬರೆಯಬೇಕಾಯಿತು. ನೆವಿಲ್ ಕಿಟಕಿಯ ಕಡೆ ಮುಖ ಮಾಡಿ ನಿಂತ.

"ದರೋಡೆಕೋರರಿಗೆ, ಅಂತ ಶುರು ಮಾಡು."

"ಹಾಗೆಲ್ಲ ಶುರು ಮಾಡೋಕಾಗಲ್ಲ ನೆವಿಲ್."

"ಯಾಕೆ, ಅವರೇನು ಪಾದ್ರಿಗಳಾ?"

ಗ್ಲೆಂಡಾ, 'ಮಾನ್ಯರೇ, ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ' ಎಂದು ಟೈಪಿಸಿದಳು.

"ಬರ್ದ್ಯಾ?"

"ಬರ್ದೆ."

"ಆ ಹೊತ್ತಲ್ಲಿ ನಾನು ಪಕ್ಕದ್ಮನೆ ರಾಯ್ ಹಿಂಡಲ್ ಜೊತೆ ಡಾಮಿನೊ ಆಡ್ತಿದ್ದೆ. ಸೋತೆ. ಸೋತಿದ್ದನ್ನೂ ಬರಿ. ಸುಳ್ಳು ಹೇಳೋನಾಗಿದ್ರೆ ಗೆದ್ದೆ ಅಂತಿದ್ದೆ. ಕೊನೇಗೆ ಇದು. ನನ್ನ ಹೆಸರು, ವಿಳಾಸ, ನನ್ನ ಕಾರಿನ ಫೋಟೋ, ಎಲ್ಲಾ ನಿಮ್ಮ ಮಶೀನಿಂದ ಅಳಿಸಿ. ಅಳಿಸೋಕೆ ಮುಂಚೆ ಏನೇನು ಇಟ್ಕೊಂಡಿದ್ದೀರಿ ಅಂತ ಪೂರ್ತಿ ನಕಲು ನನಗೆ ಕಳಿಸಿ. ಅದು ನನ್ನ ಹಕ್ಕು. ರೇಡಿಯೋದಲ್ಲಿ ಕೇಳಿದೀನಿ."

ದರೋಡೆಕೋರರು ಹೋಗಿ ಮಾನ್ಯರಾದರು, ನಡುವೆ ಬಂದ ಎರಡು ಬೈಗುಳ ಹೋಗಿ 'ಅಸಮಾಧಾನ' ಆಯಿತು. ಕೊನೆಯದನ್ನು ಮಾತ್ರ ಗ್ಲೆಂಡಾ ಹೇಳಿದ ಹಾಗೇ ಬರೆದಳು. ನಕಲು ಕಳಿಸಿದರೂ ಅದರಲ್ಲಿ ಇರುವುದು ಫೋಟೋ ತಾನೇ, ಇವನಿಗೆ ಎಲ್ಲಿ ಕಾಣುತ್ತದೆ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಒಂಬತ್ತು ದಿನಕ್ಕೆ ಉತ್ತರ. ತಾವು ಪತ್ರದ ಆರಂಭದಲ್ಲೇ ಕ್ಷಮೆ ಕೇಳಿರುವುದರಿಂದ ತಪ್ಪು ಒಪ್ಪಿಕೊಂಡಿದ್ದೀರಿ ಎಂದು ಭಾವಿಸಿದ್ದೇವೆ, ತಕರಾರು ತಿರಸ್ಕೃತ. ನಕಲು ಮತ್ತು ಅಳಿಸುವ ವಿನಂತಿ ಬೇರೆ ವಿಭಾಗಕ್ಕೆ ಹೋಗಿದೆ, ಒಂದು ತಿಂಗಳು ಕಾಯಿರಿ. ಜೊತೆಗೆ ಪುರಾವೆಯಾಗಿ ಎರಡು ಫೋಟೋ. ಒಂದರಲ್ಲಿ ಕಾರು ಒಳಗೆ ಹೋಗುತ್ತಿತ್ತು, ಇನ್ನೊಂದರಲ್ಲಿ ಹೊರಗೆ. ಎರಡರಲ್ಲೂ ಕಲಿಯುವವರ ಕೆಂಪು 'ಎಲ್' ಫಲಕ ಬಾನೆಟ್ಟಿನ ಮೇಲೆ ರಾರಾಜಿಸುತ್ತಿತ್ತು. ಎರಡನೆಯದರಲ್ಲಿ ಸ್ಟಿಯರಿಂಗಿನ ಹಿಂದೆ ಗ್ಲೆಂಡಾ, ಊರಿಗೆಲ್ಲ ಗೊತ್ತಿರುವ ಅವಳ ಸಾಸಿವೆ ಬಣ್ಣದ ಕೋಟು, ಹಲ್ಲುಗಳ ನಡುವೆ ಹೊರಗೆ ಚಾಚಿದ ನಾಲಿಗೆ.

ನೆವಿಲ್ ಫೋಟೋಗಳ ಮೇಲೆ ಬೆರಳಾಡಿಸಿದ. "ಏನು ಕಾಣುತ್ತೆ?"

"ನಮ್ಮ ನಂಬರು. ಉಳಿದದ್ದು ಕಪ್ಪು."

"ಡ್ರೈವರು?"

"ಸರಿಯಾಗಿ ಕಾಣಲ್ಲ."

"ಮಂಗಳವಾರ ರಾಯ್‌ಗೆ ತೋರಿಸ್ತೀನಿ. ಪೊರೆ ತೆಗೆಸಿದ ಮೇಲೆ ಅವನ ಕಣ್ಣು ಹದ್ದಿಂದಾಗಿದೆ. ಯಾವನೋ ನಮ್ಮ ನಂಬರು ಕದ್ದು ಹಾಕ್ಕೊಂಡಿರ್ತಾನೆ, ಅವನ ಮೂತಿ ಹೇಗಿದೆ ನೋಡೇಬಿಡೋಣ."

ಶಾಹೀನ್ ಫೋನಿನಲ್ಲಿ ಒಂದೇ ಮಾತು ಹೇಳಿದಳು. "ಹೇಳ್ಬಿಡು ಬಂಗಾರ. ಇನ್ನು ಮುಚ್ಚಿಡೋಕೆ ಹೋದ್ರೆ ಕೆಡಿಸ್ತೀಯ." ಗ್ಲೆಂಡಾ ಹೇಳಲಿಲ್ಲ. ಮಂಗಳವಾರ ಬೆಳಿಗ್ಗೆ ಲಕೋಟೆಯಿಂದ ಫೋಟೋಗಳನ್ನು ತೆಗೆದು, ಅದೇ ಅಳತೆಯ, ಅದೇ ನುಣುಪಿನ ಎರಡು ಕಾಗದಗಳನ್ನು ಒಳಗಿಟ್ಟಳು. ಬಾಗಿಲ ಸಂದಿಯಲ್ಲಿ ಹಾಕಿ ಹೋಗಿದ್ದ ಪಿಜ್ಜಾ ಅಂಗಡಿಯ ಜಾಹೀರಾತು ಅದು.

ನೆವಿಲ್ ಅಂದು ಬೇಗ ವಾಪಸು ಬಂದ. ಕೋಟು ತೆಗೆಯದೆ ಕುರ್ಚಿಯಲ್ಲಿ ಕೂತ.

"ರಾಯ್ ಎಲ್ಲರ ಎದುರು ಓದಿದ," ಎಂದ. "ಎರಡು ಕೊಂಡ್ರೆ ಒಂದು ಉಚಿತ, ಮೇಲೆ ಬೆಳ್ಳುಳ್ಳಿ ಬ್ರೆಡ್ಡು. ಹನ್ನೆರಡು ಜನ ಇದ್ರು. ಶೊರಾಕ್‌ಗೆ ಹೋಂಡಾ ಯಾವುದು ಪಿಜ್ಜಾ ಯಾವುದು ಗೊತ್ತಾಗಲ್ಲ ಅಂದ. ಎಲ್ರೂ ನಕ್ರು. ನಾನೂ ನಕ್ಕೆ."

"ಕಂಪನಿಯವರು ಏನೋ ತಪ್ಪಾಗಿ ಹಾಕಿರ್ಬೇಕು," ಎಂದಳು ಗ್ಲೆಂಡಾ.

"ಇರ್ಬೇಕು," ಎಂದ ನೆವಿಲ್.

ಅವನ ಕುರುಡನ್ನು ಊರಿನ ಕಣ್ಣಿಂದ ಮುಚ್ಚಿಡಲು ಹೊರಟವಳು ತಾನೇ ಅದನ್ನು ಹನ್ನೆರಡು ಬಸ್ ಡ್ರೈವರುಗಳ ಮುಂದೆ ಹರವಿ ಬಂದಂತಾಯಿತು. ಗ್ಲೆಂಡಾ ಸಿಂಕಿನ ಮುಂದೆ ನಿಂತು, ತೊಳೆದಿದ್ದ ಲೋಟಗಳನ್ನೇ ಮತ್ತೆ ತೊಳೆದಳು. ಅಳು ಬಂತು, ಸಿಟ್ಟೂ ಬಂತು. ಸಿಟ್ಟನ್ನು ತನ್ನ ಮೇಲೆ ಪೂರ್ತಿ ಖರ್ಚು ಮಾಡಲು ಮನಸ್ಸಾಗದೆ ಸ್ವಲ್ಪವನ್ನು ಕಂಪನಿಗೆ ಉಳಿಸಿದಳು. ಮಾರನೆಯ ದಿನ ನೆವಿಲ್ ಕ್ಷೌರಕ್ಕೆ ಹೋದಾಗ ಟ್ಯಾಬ್ಲೆಟ್ ತೆರೆದು ತನ್ನ ಹೆಸರಿನಲ್ಲೇ ಬರೆಯಲು ಕೂತಳು.

'ಮಾನ್ಯರೇ, ಹೋದ ಸಲ ಕ್ಷಮಿಸಿ ಎಂದದ್ದು ಬರೀ ರೂಢಿ. ನಾನು ಮೇಜಿಗೆ ಎಡವಿದರೆ ಮೇಜಿಗೂ ಹಾಗೇ ಹೇಳುತ್ತೇನೆ. ಆ ದಿನ ಕಾರು ಓಡಿಸಿದ್ದು ನನ್ನ ಗಂಡನಲ್ಲ, ನಾನು. ತೊಂಬತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಬಾರದು ಎಂದು ನಿಮ್ಮ ಫಲಕ ಹೇಳುತ್ತದೆ. ನಾನು ಒಂದು ನಿಮಿಷವೂ ನಿಲ್ಲಿಸಿಲ್ಲ. ನಿಲ್ಲಿಸಲು ಎರಡು ಗಂಟೆ ನಾಲ್ಕು ನಿಮಿಷ ಹೆಣಗಿದೆ. ನಿಮ್ಮ ಕ್ಯಾಮೆರಾ ಬಾಗಿಲಲ್ಲಿ ಮಾತ್ರ ಇರುವುದರಿಂದ ಒಳಗೆ ನಾನು ಪಟ್ಟ ಪಾಡು ಅದಕ್ಕೆ ತಿಳಿಯದು. ನಿಲ್ಲಿಸಿದವರಿಗೆ ದಂಡ ಹಾಕಿ. ನಿಲ್ಲಿಸಲು ಬಾರದವಳಿಗೆ ಹಾಕಬೇಡಿ.'

ಅದರ ಕೆಳಗೆ ನೆವಿಲ್ ಬಗ್ಗೆ ಇನ್ನಷ್ಟು ಬರೆದಳು. ಪಾರ್ಕಿಂಗ್ ಕಂಪನಿಗೆ ಅದೆಲ್ಲ ಬೇಕಿರಲಿಲ್ಲ. ಆದರೆ ಅಷ್ಟು ತಿಂಗಳು ಯಾರಿಗೂ ಹೇಳದ್ದು ಬೆರಳಿಗೆ ಬಂದ ಮೇಲೆ ನಿಲ್ಲಲಿಲ್ಲ. ಕೊನೆಯಲ್ಲಿ, ಗಂಡನ ಹೆಸರು ಅಳಿಸಿ, ನನ್ನ ಫೋಟೋ ಅಳಿಸಿ, ಈ ಪತ್ರವನ್ನೂ ಓದಿದ ಮೇಲೆ ಅಳಿಸಿ, ಉತ್ತರವನ್ನು ನನ್ನ ಇಮೇಲಿಗೆ ಮಾತ್ರ ಬರೆಯಿರಿ, ಮನೆಗೆ ಕಾಗದ ಬೇಡ ಎಂದು ಎರಡೆರಡು ಸಲ ಬರೆದು ಕಳಿಸಿದಳು.

ಇಮೇಲಿಗೆ ಏನೂ ಬರಲಿಲ್ಲ. ಎರಡೂವರೆ ವಾರ ಕಳೆದು, ಅವಳ ಪರೀಕ್ಷೆಗೆ ಇನ್ನು ಮೂರು ದಿನವಿದೆ ಎನ್ನುವಾಗ, ದಪ್ಪನೆಯ ಲಕೋಟೆಯೊಂದು ಮನೆಗೆ ಬಂತು. ಮಾಲೀಕರಾದ ಶ್ರೀ ನೆವಿಲ್ ಶೊರಾಕ್ ಅವರಿಗೆ.

ಗ್ಲೆಂಡಾ ಪೇಟೆಯಿಂದ ಮಾಂಸದ ಪೈ ತಗೊಂಡು ಬರುವಷ್ಟರಲ್ಲಿ ನೆವಿಲ್ ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದ. ಲಕೋಟೆ ಒಡೆದಿತ್ತು. ಹಾಳೆಗಳನ್ನು ಅಂಚು ಕೂಡಿಸಿ ಜೋಡಿಸಿದ್ದ.

"ಓದು," ಎಂದ. "ಈ ಸಲ ಪಿಜ್ಜಾ ಬೇಡ."

ಗ್ಲೆಂಡಾ ಕೋಟಿನಲ್ಲೇ ಕೂತಳು. ಮೊದಲ ಹಾಳೆ ಓದಿದಳು. ಸೌಹಾರ್ದದ ಸಂಕೇತವಾಗಿ ದಂಡವನ್ನು ಕೈಬಿಡಲಾಗಿದೆ. ಎರಡನೆಯದು ಓದಿದಳು. ತಮ್ಮ ಮಾಹಿತಿಯನ್ನೆಲ್ಲ ಅಳಿಸಲಾಗುವುದು, ಅಳಿಸಿದ್ದೇವೆ ಎಂಬುದನ್ನು ನೆನಪಿಟ್ಟುಕೊಳ್ಳುವ ಸಲುವಾಗಿ ತಮ್ಮ ಹೆಸರು ಮತ್ತು ವಿಳಾಸವನ್ನು ಆರು ವರ್ಷ ಇಟ್ಟುಕೊಳ್ಳಲಾಗುವುದು.

"ಕತ್ತೆಗಳು," ಎಂದ ನೆವಿಲ್. "ಮುಂದೆ ಓದು."

ತಾವು ಕೇಳಿದಂತೆ, ತಮ್ಮ ಕಡತದಲ್ಲಿರುವ ಎಲ್ಲದರ ಪೂರ್ತಿ ನಕಲು ಈ ಕೆಳಗಿದೆ. ಹಾಳೆ ತಿರುವಿದಾಗ ಗ್ಲೆಂಡಾಳಿಗೆ ಕಂಡದ್ದು ತನ್ನದೇ ಪತ್ರ. ಮೇಜಿಗೂ ಕ್ಷಮಿಸಿ ಎನ್ನುವವಳ ಪತ್ರ, ಒಂದಕ್ಷರ ಬಿಡದೆ. ಯಾರಿಗೆ ಕಾಣಬಾರದೆಂದು ಎರಡೆರಡು ಸಲ ಬರೆದಿದ್ದಳೋ ಅವನಿಗೆ, ಅವನು ತನ್ನ ಹಕ್ಕೆಂದು ಕೇಳಿದ್ದ ನಕಲಿನ ಜೊತೆ ಸೇರಿಸಿ, ಕಂಪನಿ ನಿಷ್ಠೆಯಿಂದ ಕಳಿಸಿಕೊಟ್ಟಿತ್ತು. ಆ ಕಂಪನಿ ಏನನ್ನಾದರೂ ಪೂರ್ತಿಯಾಗಿ ಮಾಡಿದ್ದರೆ ಇದೊಂದನ್ನೇ.

"ಯಾಕೆ ಓದೋದು ನಿಲ್ಲಿಸ್ದೆ?"

ಹಾಳೆಯಲ್ಲಿ ಏನಿದೆ ಎಂದು ಅವಳು ಏನು ಬೇಕಾದರೂ ಹೇಳಬಹುದಿತ್ತು. ಅವನಿಗೆ ತಿಳಿಯುತ್ತಿರಲಿಲ್ಲ. ಅದೇ ಕಾರಣಕ್ಕೆ ಅವಳಿಗೆ ಇನ್ನೊಂದು ಸುಳ್ಳು ಹೇಳಲು ಆಗಲಿಲ್ಲ. ಓದಿದಳು. ಕಾರು ಓಡಿಸಿದ್ದು ನಾನು ಎಂಬಲ್ಲಿ ನೆವಿಲ್ ಅಲ್ಲಾಡಲಿಲ್ಲ. ಅದರ ಕೆಳಗಿನ ಭಾಗಕ್ಕೆ ಬಂದಾಗ ಅವಳಿಗರಿವಿಲ್ಲದೆಯೇ ದನಿ ಹೋಗಿ ಬಾಯಿ ಮಾತ್ರ ಆಡತೊಡಗಿತು.

"ಕೇಳಿಸ್ತಿಲ್ಲ," ಎಂದ ನೆವಿಲ್. "ನಂಗೆ ತುಟಿ ಕಾಣಲ್ಲ ಕಣೇ. ಜೋರಾಗಿ ಓದು."

ಗ್ಲೆಂಡಾ ಜೋರಾಗಿ ಓದಿದಳು.

'ನನ್ನ ಗಂಡನಿಗೆ ಕಣ್ಣು ಕಾಣುವುದಿಲ್ಲ. ನನಗೆ ಗೊತ್ತಿಲ್ಲ ಎಂದು ಅವನು ತಿಳಿದಿದ್ದಾನೆ. ಒಂದು ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ ಕೂತಿದ್ದ, ಆಮೇಲೆ ಆರಿಸಿದ. ಆರಿಸಿದ್ದು ಕಷ್ಟದ ಕೆಲಸ, ಅದನ್ನು ಮೆಚ್ಚಲು ಅವನಿಗೆ ಯಾರೂ ಇರಲಿಲ್ಲ. ಇನ್ನು ಓಡಿಸಬೇಡ ಎಂದು ಅವನಿಗೆ ಯಾರಾದರೂ ಹೇಳುವುದಿದ್ದರೆ ಅದು ನಾನೇ ಆಗಬೇಕು, ನಿಮ್ಮ ಕಾಗದವಲ್ಲ. ನನಗೆ ಇನ್ನೂ ಧೈರ್ಯ ಸಾಲುತ್ತಿಲ್ಲ. ಮೊದಲು ಕಲಿತುಬಿಟ್ಟರೆ, ಕಾರು ಅನಾಥವಾಗಲಿಲ್ಲ ಎಂದಾದರೂ ಅವನಿಗೆ ಅನ್ನಿಸೀತು.'

ಓದಿ ಮುಗಿಯಿತು. ಪೈ ತಣ್ಣಗಾಗುತ್ತಿತ್ತು. ನೆವಿಲ್ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಅವನು ಅವಳನ್ನು ನೋಡಬೇಕೆಂದರೆ ಈಗ ಹಾಗೇ ತಿರುಗಬೇಕಿತ್ತು. ಬಹಳ ಹೊತ್ತು ನೋಡಿದ.

"ಎರಡು ಗಂಟೆ ನಾಲ್ಕು ನಿಮಿಷ," ಎಂದ ಕೊನೆಗೆ. "ಒಂದು ಜಾಗಕ್ಕೂ ನುಗ್ಗಿಸೋಕಾಗ್ಲಿಲ್ವಾ?"

"ಜನ ಬರ್ತಿದ್ರು. ಬಿಟ್ಕೊಟ್ಟೆ."

"ಎಷ್ಟು ಜನಕ್ಕೆ?"

"ಶಾಹೀನ್ ಎಣಿಸಿದ್ಳು. ಹತ್ತೊಂಬತ್ತು."

ನೆವಿಲ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಭುಜ ಅಲುಗಿದವು. ಅಳುತ್ತಿದ್ದಾನೆಂದು ಗ್ಲೆಂಡಾ ಎದ್ದು ಹತ್ತಿರ ಹೋದಳು. ನಗುತ್ತಿದ್ದ. ಹತ್ತಿರ ಬಂದ ಮೇಲೆ ನೋಡಿದರೆ ಎರಡೂ ಇತ್ತು. ಅವಳು ಅವನ ತಲೆಯನ್ನು ಕೋಟಿಗೆ ಒತ್ತಿಕೊಂಡು ನಿಂತಳು, ಅವನು ಬಿಡಿಸಿಕೊಳ್ಳಲಿಲ್ಲ.

"ಟ್ಯಾಬ್ಲೆಟ್ ತಗೋ," ಎಂದ ಆಮೇಲೆ, ಮೂಗೊರೆಸಿಕೊಂಡು. "ಇನ್ನೊಂದು ಬರೆಯೋದಿದೆ. ಲೈಸೆನ್ಸ್ ಕಚೇರಿಗೆ."

ಗ್ಲೆಂಡಾ ಕೂತಳು.

"ನೆವಿಲ್ ಶೊರಾಕ್, ಲೈಸೆನ್ಸು ವಾಪಸು ಕೊಡ್ತಿದ್ದಾನೆ. ಇವತ್ತಿಂದಾನೇ. ಡ್ರೈವರುಗಳ ಪಟ್ಟಿಯಿಂದ ಹೆಸರು ತೆಗೀರಿ."

ಅವಳು ಟೈಪಿಸಿದಳು. ಮುಂದಿನ ಸಾಲಿಗೆ ಬಂದು ಬೆರಳು ತಡೆಯಿತು. ಕಣ್ಣು ಎಂಬ ಪದವನ್ನು ಅವನೆದುರು ಬರೆಯಲು ಅವಳಿಗೆ ಇನ್ನೂ ಆಗುತ್ತಿರಲಿಲ್ಲ.

"ಕಾರಣ ಕೇಳ್ತಾರೆ, ನೆವಿಲ್."

"ಹೆಂಡತಿ ಓಡಿಸ್ತಾಳೆ, ಅಂತ ಬರಿ."

"ನಾನಿನ್ನೂ ಪಾಸಾಗಿಲ್ಲ."

"ನಾನೂ ಇನ್ನೂ ಸಹಿ ಹಾಕಿಲ್ಲ," ಎಂದ ನೆವಿಲ್. "ಬರಿ."